ಪಾವಟಿಗೆಯ ಎರಡು ಸ್ವಿಚ್ಚುಗಳು

ನಮ್ಮಪ್ಪ ವೈರಮನ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಗೆ ಒಂದೊಂದಾಗಿ ಕರೆಂಟು ಬಂದ ಕಾಲದಲ್ಲಿ ಎಷ್ಟು ಮನೆಗಳಿಗೆ ವೈರ್ ಎಳೆದಿದ್ದನೋ ಅವನಿಗೇ ನೆನಪಿರಲಿಲ್ಲ. ಓದಿದ್ದು ನಾಲ್ಕನೇ ಇಯತ್ತೆ. ಕಾಗದದ ಮೇಲೆ ಒಂದು ಗೆರೆ ಎಳೆದವನಲ್ಲ. ಮನೆಯೊಳಗೆ ಬಂದು, ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿ, ಇಲ್ಲಿ ಬೋರ್ಡು, ಅಲ್ಲಿ ದೀಪ ಎಂದು ಹೇಳಿದನೆಂದರೆ ಅರ್ಧ ಕೆಲಸ ಮುಗಿದಂತೆ. ಉಳಿದದ್ದೆಲ್ಲ ಅವನ ತಲೆಯಲ್ಲೇ ಇರುತ್ತಿತ್ತು.

ಇಂಡಿಯ ನಮ್ಮ ಸ್ವಂತ ಮನೆಯ ವೈರಿಂಗ್ ಮಾತ್ರ ಹಳೆಯದಾಗಿ ಹಾಳಾಗಿತ್ತು. ಕಟ್ಟಿಗೆಯ ಪಟ್ಟಿಗಳಿಗೆ ಗೆದ್ದಲು ಹತ್ತಿತ್ತು. ವೈರಿನ ಮೇಲಿನ ರಬ್ಬರು ಮುಟ್ಟಿದರೆ ಉದುರುತ್ತಿತ್ತು. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ, ನನ್ನ ಶಾಲೆಗೆ ರಜೆ ಬಿದ್ದ ಮೇಲೆ, ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕುತ್ತೇನೆಂದು ಅಪ್ಪ ಹೊರಟ. ನಾನಾಗ ಊರಿನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರಾಗಿದ್ದೆ. ಅವನಿಗೆ ನಾನೊಬ್ಬಳೇ ಮಗಳು. ಅಪ್ಪನಿಗೆ ಐವತ್ತೆಂಟು ವರ್ಷ.

ಅವ್ವ ಕೇಳಿಕೊಂಡದ್ದು ಒಂದೇ, ಮೇಲೆ ಹತ್ತುವ ಮೆಟ್ಟಿಲಿನ, ಪಾವಟಿಗೆಯ ದೀಪ. ಅದರ ಸ್ವಿಚ್ಚು ಕೆಳಗೆ ಮಾತ್ರ ಇತ್ತು. ಮೇಲಿನ ಕೋಣೆಗೆ ಹೋದವರು ಅದನ್ನು ಆರಿಸಲು ಮತ್ತೆ ಇಳಿದು ಬರಬೇಕು, ಇಲ್ಲವೇ ಮೊದಲೇ ಆರಿಸಿ ಕತ್ತಲಲ್ಲಿ ಹತ್ತಬೇಕು. ಹಿಂದಿನ ವರ್ಷ ಜೋಳದ ಬುಟ್ಟಿ ಹೊತ್ತು ಇಳಿಯುವಾಗ ಅವ್ವ ಜಾರಿ ಬಿದ್ದು ತಿಂಗಳುಗಟ್ಟಲೆ ಸೊಂಟ ಹಿಡಿದುಕೊಂಡು ಓಡಾಡಿದ್ದಳು.

"ಮಂದಿ ಮನ್ಯಾಗೆಲ್ಲ ಕೆಳಗೊಂದು ಮ್ಯಾಲೊಂದು ಬಟನ್ ಹಾಕಿ ಬಂದೀರಿ. ಈಗರೆ ನಮ್ಮ ಮನ್ಯಾಗ ಹಾಕ್ರಿ," ಅಂದಳು.

"ಹಾಕ್ತೇನಿ. ಅದೇನ್ ದೊಡ್ಡ ಕೆಲಸ, ಅರ್ಧ ತಾಸಿಂದು," ಅಂದ ಅಪ್ಪ.

ಮೊದಲ ನಾಲ್ಕು ದಿನ ಕೆಲಸ ಸುಸೂತ್ರವಾಗಿ ನಡೆಯಿತು. ಪಡಸಾಲೆ, ಅಡುಗೆಮನೆ, ಹಿತ್ತಲು ಮುಗಿದವು. ಹೊಸ ಪಟ್ಟಿಗಳು ಗೋಡೆಯ ಮೇಲೆ ನೂಲು ಹಿಡಿದಂತೆ ನೇರವಾಗಿ ಕೂತವು. ನಿಚ್ಚಣಿಕೆಯ ಮೇಲೆ ನಿಂತ ಅವನಿಗೆ ನಾನು ಕ್ಲಿಪ್ಪು, ಮೊಳೆ ಕೊಡುತ್ತಿದ್ದೆ. ಅವನ ಕೈ ನೋಡುವುದೇ ಒಂದು ಸುಖ. ವೈರಿನ ತುದಿ ಸುಲಿದು, ಎಳೆ ಹೊಸೆದು, ಮಡಚಿ ಒಳಗೆ ತೂರಿಸಿ ಸ್ಕ್ರೂ ಬಿಗಿದನೆಂದರೆ ಬರಿಯ ತಂತಿ ಕೂದಲೆಳೆಯಷ್ಟೂ ಹೊರಗೆ ಕಾಣುತ್ತಿರಲಿಲ್ಲ.

ಐದನೆಯ ದಿನ ಪಾವಟಿಗೆಯ ಕೆಲಸಕ್ಕೆ ಕೂತ. ಒಂದೇ ದೀಪವನ್ನು ಎರಡು ಕಡೆಯಿಂದ ಹಚ್ಚಿ ಆರಿಸುವ ಸ್ವಿಚ್ಚುಗಳಿಗೆ ಎರಡರ ಬದಲು ಮೂರು ಸ್ಕ್ರೂ ಇರುತ್ತವೆ. ಕೆಳಗಿನ ಸ್ವಿಚ್ಚಿನ ನಡುವಿನ ಸ್ಕ್ರೂಗೆ ಕರೆಂಟು ಬರುತ್ತದೆ, ಮೇಲಿನದರ ನಡುವಿನಿಂದ ದೀಪಕ್ಕೆ ಹೋಗುತ್ತದೆ, ಅತ್ತಿತ್ತಲಿನ ಸ್ಕ್ರೂಗಳನ್ನು ಎರಡು ವೈರ್ ಕೂಡಿಸುತ್ತವೆ. ಅಷ್ಟೇ. ಅಪ್ಪ ಆ ಸ್ವಿಚ್ಚನ್ನು ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತವನು ಕೂತೇ ಇದ್ದ. ನಾನು ನೀರು ಸೇದಿ ಬಂದರೂ ಹಾಗೇ ಕೂತಿದ್ದ.

"ಅಂಗಡ್ಯಾಂವ ಬ್ಯಾರೇದ ಕೊಟ್ಟಾನ. ಬದ್ಲಿ ಮಾಡಿಸ್ಕೊಂಡ ಬಾ," ಅಂದ.

ನಾನು ಹೋಗಿ ಬದಲಿಸಿಕೊಂಡು ಬಂದೆ. ಅದೂ ಅಂಥದ್ದೇ. ಮಧ್ಯಾಹ್ನದ ಹೊತ್ತಿಗೆ ಏನೋ ಕೂಡಿಸಿದ. ಕೆಳಗಿನದನ್ನು ಒತ್ತಿದರೆ ದೀಪ ಹತ್ತಿತು. ಮೇಲೆ ಹೋಗಿ ಆರಿಸಿದೆ, ಆರಿತು. ಆಮೇಲೆ ಕೆಳಗಿನಿಂದ ಏನು ಮಾಡಿದರೂ ಹತ್ತಲಿಲ್ಲ. ಅಪ್ಪ ಎಲ್ಲ ಬಿಚ್ಚಿದ. ಮತ್ತೆ ಕೂಡಿಸಿದ. ಮತ್ತೆ ಬಿಚ್ಚಿದ. ಮರುದಿನವೂ ಅದೇ. ಪದೇ ಪದೇ ಮೊಳೆ ಕಿತ್ತು ಬಡಿದು ಬೋರ್ಡಿನ ಸುತ್ತ ಗಿಲಾಯಿ ಉದುರಿ ಮಣ್ಣಿನ ಗೋಡೆ ಕಾಣತೊಡಗಿತು.

ಏಳನೆಯ ದಿನ ಧಡ್ ಎಂದು ಸದ್ದಾಗಿ ಫ್ಯೂಜ್ ಹಾರಿತು. ಗೋಡೆಯ ಮೇಲೆ ಕೈಯಗಲದ ಕರಿ ಕಲೆ ಬಿತ್ತು. ಅಪ್ಪನ ಎರಡು ಬೆರಳು ಸುಟ್ಟವು. ಅವ್ವ ಅಡುಗೆಮನೆಯಿಂದ ಓಡಿ ಬಂದು ಅವನ ಕೈ ಹಿಡಿದುಕೊಂಡಳು.

"ಬಿಡ್ರಿ, ಸಾಕು. ನನಗ ಆ ದೀಪ ಬ್ಯಾಡ."

"ಯಾರೋ ನಾ ಹಾಕಿದ್ದ ವೈರ್ ಅದಲ್-ಬದಲ್ ಮಾಡ್ಯಾರ," ಎಂದು ಅವನು ನನ್ನ ಕಡೆ ನೋಡಿದ.

ಅಷ್ಟರಲ್ಲಿ ನನಗೆ ತಿಳಿದುಬಿಟ್ಟಿತ್ತು. ಹಿಂದಿನ ಕೆಲವು ತಿಂಗಳಿಂದ ಅವನನ್ನು ಕೆಲಸಕ್ಕೆ ಕರೆಯಲು ಯಾರೂ ಬಂದಿರಲಿಲ್ಲ. ಯಾಕೆಂದು ನಾವು ಕೇಳಿರಲಿಲ್ಲ. ಸಾಲೋಟಗಿಯ ಒಂದು ಮನೆಯ ಕೆಲಸವನ್ನು ಅರ್ಧಕ್ಕೇ ಬಿಟ್ಟು, ಊಟಕ್ಕೆ ಹೋಗಿ ಬರುತ್ತೇನೆಂದು ಹೇಳಿ ಬಂದವನು ತಿರುಗಿ ಹೋಗಿರಲಿಲ್ಲವೆಂಬ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಆ ವಾರವೇ. ವಯಸ್ಸಾಯಿತು, ಅರಳು ಮರಳು ಎಂದರು ಸುದ್ದಿ ಹೇಳಿದವರು. ಐವತ್ತೆಂಟಕ್ಕೇ ಅರಳು ಮರಳೇ?

ಆ ಸಂಜೆ ನಾನು ವಿಜ್ಞಾನದ ಪುಸ್ತಕ ಹುಡುಕಿ ತೆಗೆದು, ಕಾಗದದ ಮೇಲೆ ಚಿತ್ರ ಬರೆದು ಅವನ ಮುಂದಿಟ್ಟೆ. ಅವನು ಅದನ್ನು ಒಂದು ಸಲ ನೋಡಿ ಮಗುಚಿಟ್ಟ.

"ನನಗ ನೀ ಸಾಲಿ ಕಲಸ್ತೀ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಮರುದಿನ ಅವನು ಸ್ನಾನಕ್ಕೆ ಹೋದಾಗ ನಾನು ಮೇನ್ ಆರಿಸಿ, ಚಿತ್ರ ನೋಡಿಕೊಂಡು, ಎರಡೂ ಸ್ವಿಚ್ಚುಗಳನ್ನು ನಾನೇ ಕೂಡಿಸಿದೆ. ಮೇನ್ ಹಾಕಿ ಕೆಳಗೆ ಒತ್ತಿದೆ, ಹತ್ತಿತು. ಮೇಲೆ ಓಡಿ ಒತ್ತಿದೆ, ಆರಿತು. ಕೆಳಗಿಳಿದು ಒತ್ತಿದೆ, ಮತ್ತೆ ಹತ್ತಿತು. ಅವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಅಪ್ಪ ಒದ್ದೆ ತಲೆಯಲ್ಲೇ ಬಂದ. ಕೆಳಗೆ ಒತ್ತಿದ. ಹತ್ತಿ ಹೋಗಿ ಮೇಲೆ ಒತ್ತಿದ. ಇಳಿದು ಬಂದ.

"ಯಾರು ಮಾಡಿದ್ರು?"

"ನೀನ ಮಾಡಿದೆಲ್ಲಪಾ. ಮುಂಜಾನೆ."

ಈಗಲೂ ನನಗೆ ನಾಚಿಕೆಯಾಗುವ ಮಾತು ಅದು. ಅವನು ನಂಬಿಬಿಡುತ್ತಾನೆಂದು, ನಂಬಿದರೆ ಅವನ ಜೀವಕ್ಕೆ ಸಮಾಧಾನ ಸಿಗುತ್ತದೆಂದು ನಾನು ತಿಳಿದಿದ್ದೆ. ಅವನು ತಾನೇ ಮೇನ್ ಆರಿಸಿ ಬಂದು, ಸ್ಕ್ರೂಡ್ರೈವರ್ ತಗೊಂಡು ಬೋರ್ಡಿನ ಮುಚ್ಚಳ ಬಿಚ್ಚಿದ. ಒಳಗೆ ಇಣುಕಿ ನೋಡಿದ.

"ಬರೇ ತಂತಿ ಹೊರಗ ಕಾಣಾಕತ್ತೈತಿ," ಅಂದ. ಅದರ ಮೇಲೆ ಬೆರಳಿಟ್ಟು, "ಇದು ನನ್ನ ಕೈ ಅಲ್ಲವ್ವಾ," ಅಂದ.

ವೈರಿನ ದಾರಿ ಮರೆತವನಿಗೆ ತನ್ನ ಕೈಯ ಗುರುತು ಮಾತ್ರ ಮರೆತಿರಲಿಲ್ಲ. ಅವನು ಒಂದೊಂದೇ ಸ್ಕ್ರೂ ಸಡಿಲಿಸಿ ನಾನು ಕೂಡಿಸಿದ್ದನ್ನೆಲ್ಲ ಬಿಡಿಸಿದ. ವೈರುಗಳನ್ನು ನೆಟ್ಟಗೆ ಮಾಡಿ ಹಾಗೇ ಬಿಟ್ಟು ಅಂಗಳದ ಕಟ್ಟೆಯ ಮೇಲೆ ಹೋಗಿ ಕೂತ. ಊಟಕ್ಕೆ ಏಳಲಿಲ್ಲ. ನಾನು ಎದುರಿಗೆ ಹೋಗುವ ಧೈರ್ಯ ಮಾಡಲಿಲ್ಲ.

ಎರಡು ದಿನದ ಮೇಲೆ ಅವನೇ ಹೇಳಿದ, ಸಿಂದಗಿಯವನನ್ನು ಕರೆಸು ಎಂದು. ಅಪ್ಪನ ಕೈಕೆಳಗೆ ಹತ್ತು ವರ್ಷ ದುಡಿದು, ಈಗ ಸಿಂದಗಿಯಲ್ಲಿ ಸ್ವಂತ ಕೆಲಸ ಮಾಡುತ್ತಿದ್ದ ಮನುಷ್ಯ ಅವರು. ಆಗಲೇ ತಲೆ ಅರ್ಧ ನರೆತಿತ್ತು. ಕಾಗದ ಮುಟ್ಟಿದ ಮರುದಿನವೇ ಬಂದು ಅಪ್ಪನ ಕಾಲು ಮುಟ್ಟಿದರು. ಅಪ್ಪ ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ಕೂತ. ಅವರು ಗೊತ್ತಿದ್ದೂ ಒಂದೊಂದು ವೈರಿಗೂ ಅಪ್ಪನನ್ನು ಕೇಳಿದರು.

"ಉಸ್ತಾದ್ರ, ಇದು ನಡುವಿಂದಕ್ಕ ಬರ್ತೈತಿ ಅಲ್ರಿ?"

ಅಪ್ಪ ಗೋಡೆಯ ಕರಿ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ.

"ಇದು ಎಡಕ ಹಾಕಲ್ರ್ಯಾ?"

"ನೀ ಹಾಕೋ. ನನ್ನ ಕೇಳಬ್ಯಾಡ."

ಆಮೇಲೆ ಅವರು ಕೇಳಲಿಲ್ಲ. ಅರ್ಧ ತಾಸು ಕೂಡ ಹಿಡಿಯಲಿಲ್ಲ. ಹೋಗುವಾಗ ಓಣಿಯ ತಿರುವಿನವರೆಗೆ ನನ್ನನ್ನು ಕರೆದುಕೊಂಡು ಹೋಗಿ, "ತಂಗಿ, ಅವರನ್ನ ಒಬ್ಬರನ್ನ ಹೊರಗ ಬಿಡಬ್ಯಾಡ್ರಿ," ಅಂದರು. ಕಣ್ಣು ಒರೆಸಿಕೊಂಡು ಬಸ್ಸಿಗೆ ಹೋದರು.

ಎಷ್ಟು ದಿನ ಕಾವಲು ಕಾಯಲಾದೀತು? ದೀಪಾವಳಿ ಮುಗಿದ ವಾರ, ಅವ್ವ ಹಿಟ್ಟು ಬೀಸಿಸಲು ಹೋಗಿದ್ದಾಗ ಅಪ್ಪ ಮನೆ ಬಿಟ್ಟ. ಎರಡು ದಿನ ಹುಡುಕಿದೆವು. ಹೊರ್ತಿಯ ಕಡೆಗೆ ಹೋಗಿದ್ದಾನೆಂದು ಯಾರೋ ಹೇಳಿದರು, ಅಲ್ಲಿರಲಿಲ್ಲ. ಮೂರನೆಯ ದಿನ ಬಸ್ಸಿನ ಕಂಡಕ್ಟರೊಬ್ಬರು ಸುದ್ದಿ ತಂದರು. ಅವನು ಮುದ್ದೇಬಿಹಾಳದಲ್ಲಿದ್ದ.

ನಾನು ಹೋದಾಗ ಒಬ್ಬ ವ್ಯಾಪಾರಿಯ ಮನೆಯ ಕಟ್ಟೆಯ ಮೇಲೆ, ಅವರು ಕೊಟ್ಟ ಧೋತರ ಉಟ್ಟು ಕೂತಿದ್ದ. ಆ ಮನೆಗೆ ಹಿಂದೊಮ್ಮೆ ವೈರ್ ಎಳೆದವನು ಅವನೇ ಅಂತೆ. ಬಾಗಿಲು ಬಡಿದು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದನಂತೆ. ಮನೆಯ ಯಜಮಾನಿ ಗುರುತು ಹಿಡಿದು, ಊಟಕ್ಕೆ ಹಾಕಿ, ಹೊರಗಿನ ಕೋಣೆಯಲ್ಲಿ ಹಾಸಿಗೆ ಕೊಟ್ಟಿದ್ದರು. "ಛಲೋ ಮನಶ್ಯಾರವ್ವಾ, ಹಿಂಗಾಗಬಾರದಿತ್ತು," ಅಂದರು. ಇವರ ಜೋಡಿ ಹೋಗ್ರಿ ಎಂದು ಅವರು ಹೇಳಿದ ಮೇಲೆ ಅವನು ಎದ್ದು ನನ್ನ ಜೊತೆ ಬಂದ.

ಬಸ್ಸಿನಲ್ಲಿ ಅವನನ್ನು ಕಿಟಕಿಯ ಬದಿಗೆ ಕೂಡಿಸಿದೆ. ಎರಡೂ ಕಡೆ ಹಿಂಗಾರಿ ಜೋಳ ಮೊಳಕಾಲೆತ್ತರ ಬೆಳೆದಿತ್ತು. ಬಹಳ ಹೊತ್ತು ಹೊರಗೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದ.

"ತಂಗಿ, ನೀವು ಎಲ್ಲೀತನಕ ಹೊಂಟೀರಿ?"

ಹುಟ್ಟಿದಾಗಿನಿಂದ ಅವನು ನನಗೆ ನೀವು ಅಂದವನಲ್ಲ. ನಾನೂ ಪರಕೀಯಳಂತೆಯೇ ಮಾತಾಡಿದೆ.

"ಇಂಡಿಗ್ರಿ."

"ಇಂಡ್ಯಾಗ ಯಾರ ಪೈಕಿ?"

"ವೈರಮನ್ನರ ಮಗಳ್ರಿ."

"ಹೌದೇನು," ಅಂದ. "ಅವರನ್ನ ಕೇಳಿ ಬಲ್ಲೆ. ಕೆಲಸ ಛಲೋ ಅಂತಿದ್ರು ಮಂದಿ."

ಬಾಗೇವಾಡಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಪರಿಚಯವಿಲ್ಲದ ಹೆಣ್ಣುಮಗಳೊಬ್ಬಳು ತೋಳು ಹಿಡಿದು ಇಳಿಸಲು ನೋಡುತ್ತಿದ್ದಾಳೆಂದು ಅವನಿಗೆ ಸಂಕೋಚವಾಯಿತು. ನನ್ನ ಕೈ ಮೆಲ್ಲಗೆ ಬಿಡಿಸಿದ. ನೀವು ಹೋಗ್ರಿ, ನಮ್ಮವರು ಬರ್ತಾರ ಎಂದು ಹೇಳುತ್ತ ಕೂತೇ ಇದ್ದ. ಜನ ನಮ್ಮನ್ನು ದಾಟಿ ದಾಟಿ ಇಳಿದು ಹೋದರು. ಕೊನೆಗೆ ಡ್ರೈವರು, ಬಸ್ಸು ಡಿಪೋಕ್ಕೆ ಹೋಗುತ್ತದೆ ಇಳಿಯಿರಿ ಎಂದು ಗದರಿದ ಮೇಲೆ ಎದ್ದ.

ಆಮೇಲೆ ಎರಡು ವರ್ಷ ಬದುಕಿದ. ಅವ್ವ ಅಂಗಳದ ಬಾಗಿಲಿಗೆ ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ನಾನು ಶಾಲೆಯಿಂದ ಬಂದಾಗಲೆಲ್ಲ ಅವನು ಕಟ್ಟೆಯಿಂದ ಎದ್ದು ನಿಂತು, ಬರ್ರಿ ಅಕ್ಕೋರ, ಕೂಡ್ರಿ, ಎಂದು ಜಾಗ ಬಿಡುತ್ತಿದ್ದ.