ಗುಂಡ್ಲುಪೇಟೆಯ ದನಿಯನ್ನು ಕಾಣಲು ಹೋದದ್ದು

ಚಾಮರಾಜನಗರದಲ್ಲಿ ಬೆಳಿಗ್ಗೆ ಏಳರ ಬಸ್ಸು ಹತ್ತಿದೆ. ಧನುರ್ಮಾಸದ ಚಳಿ. ಕಂಡಕ್ಟರು ಮಫ್ಲರ್ ಬಿಚ್ಚದೆಯೇ ಟಿಕೆಟ್ ಹರಿದು ಕೊಟ್ಟ. ತೆರಕಣಾಂಬಿ ಮೇಲೆ ಗುಂಡ್ಲುಪೇಟೆ ಒಂದೂವರೆ ಗಂಟೆಯ ದಾರಿಯೂ ಅಲ್ಲ. ಆದರೂ ನಿವೃತ್ತನಾಗಿ ಊರಿಗೆ ಬಂದ ಮೇಲೆ ಈ ದಾರಿಯನ್ನು ತಪ್ಪಿಸಿಕೊಂಡೇ ಓಡಾಡಿದವನು ನಾನು. ಒಮ್ಮೆ ಊಟಿಗೆ ಹೋಗಬೇಕಾದಾಗ ಪುಣಜನೂರು, ಸತ್ಯಮಂಗಲ ಸುತ್ತಿಕೊಂಡು ಹೋಗಿದ್ದೆ. ಮನೆಯವರಿಗೆ ಘಟ್ಟದ ನೋಟ ಚೆನ್ನಾಗಿದೆ ಎಂದು ನೆಪ ಹೇಳಿದ್ದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮದ್ರಾಸಿನಲ್ಲಿ ಒಂದು ವಿಮಾನ ಕಂಪನಿಗೆ ರೇಡಿಯೋ ಆಪರೇಟರಾಗಿ ಸೇರಿ, ಮುಂದೆ ಡಿಸ್ಪ್ಯಾಚರ್ ಆದವನು. ವಿಮಾನ ಹೊರಡುವ ಮುಂಚೆ, ಅದು ಇಳಿಯಬೇಕಾದ ದೂರದ ನಿಲ್ದಾಣವನ್ನು ರೇಡಿಯೋದಲ್ಲಿ ಕೂಗಿ, ಅಲ್ಲಿನ ಗಾಳಿ, ಮೋಡ, ಮಂಜು ಕೇಳಿ ಪೈಲಟ್ಟಿಗೆ ತಿಳಿಸುವುದು ನನ್ನ ಕೆಲಸ. ಕೇಳಿಸಿಕೊಂಡದ್ದನ್ನು ನಾನು ತಿರುಗಿ ಹೇಳಬೇಕು. ಆ ಕಡೆಯವರು ‘ಸರಿ’ ಎಂದರೆ ಮಾತ್ರ ಸುದ್ದಿ ಮುಟ್ಟಿದ ಹಾಗೆ. ಅದು ನಿಯಮ.

ಘಟ್ಟದಂಚಿನ ಒಂದು ಸಣ್ಣ ನಿಲ್ದಾಣದಲ್ಲಿ ಮಾದಪ್ಪ ಎಂಬುವರಿದ್ದರು, ಗುಂಡ್ಲುಪೇಟೆಯವರು. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಮಾತಾಡಿದ್ದೆವು; ಮುಖ ನೋಡಿರಲಿಲ್ಲ. ನಾನು ಚಾಮರಾಜನಗರದವನು ಎಂದು ಗೊತ್ತಿದ್ದರೂ ಅವರ ಬಾಯಲ್ಲಿ ನನ್ನ ಹೆಸರು ‘ಮದ್ರಾಸು’. ಹವೆ ಬದಲಾಗದ ತಿಂಗಳುಗಳಲ್ಲಿ ನಾವಿಬ್ಬರೂ ನಿಯಮ ಮುರಿದು ಒಂದು ಒಳ ಏರ್ಪಾಡು ಮಾಡಿಕೊಂಡಿದ್ದೆವು. ಅವರು ಮೈಕಿನ ಗುಂಡಿಯನ್ನು ಎರಡು ಸಲ ಒತ್ತಿದರೆ ನನ್ನ ಕಡೆ ಟಿಕ್ ಟಿಕ್ ಎನ್ನುತ್ತಿತ್ತು. ‘ನಿನ್ನೆಯ ಹಾಗೆಯೇ’ ಎಂದು ಅರ್ಥ. ಇಬ್ಬರಿಗೂ ಮಾತು ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ಬರೀ ಗೊರಗೊರ ಸದ್ದು. ಪೈಲಟ್ಟು ಕೌಂಟರಿನಲ್ಲಿ ಅವಸರ ಮಾಡುತ್ತಿದ್ದ. ಗೊರಗೊರದ ನಡುವೆ ಎರಡು ಟಿಕ್ ಕೇಳಿದ ಹಾಗಾಯಿತು. ಕೇಳಿತು ಎಂದೇ ಅಂದುಕೊಂಡು ವಿಮಾನ ಬಿಟ್ಟೆ. ಅಲ್ಲಿ ಮಂಜು ನೆಲ ಮುಚ್ಚಿತ್ತು. ವಿಮಾನ ಸುತ್ತಿ ಸುತ್ತಿ, ಇಂಧನ ತಳ ಕಂಡಾಗ ಬೇರೆ ಊರಿನಲ್ಲಿ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ವಿಚಾರಣೆಯಲ್ಲಿ ನಾನು, ‘ಮಾದಪ್ಪ ಬಾಯಿಬಿಟ್ಟು ಆಕಾಶ ಶುಭ್ರ ಎಂದರು’ ಎಂದುಬಿಟ್ಟೆ. ತಮ್ಮ ರೇಡಿಯೋ ಸೆಟ್ಟು ಕೆಟ್ಟಿತ್ತು ಎಂದು ಅವರು ಹೇಳಿದರು. ಮೆಕ್ಯಾನಿಕ್ ಹೋಗಿ ನೋಡುವ ಹೊತ್ತಿಗೆ ಅದು ಸರಿಯಾಗಿತ್ತು. ಹೊರಗೆ ಕಣ್ಣು ಹಾಯಿಸದೆ ನಿದ್ದೆಗಣ್ಣಿನಲ್ಲಿ ಹವೆ ಹೇಳಿದರು ಎಂದು ತೀರ್ಮಾನವಾಗಿ ಅವರ ಕೆಲಸ ಹೋಯಿತು.

ಈಚೆಗೆ ನನ್ನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯೂ ಹೆಚ್ಚು ದಿನ ಬಾರದು ಎಂದರು ಡಾಕ್ಟರು. ಅದಿರುವಾಗಲೇ ಆ ದನಿಯ ಮುಂದೆ ನಿಲ್ಲಬೇಕು ಎನ್ನಿಸಿತು.

ತೆರಕಣಾಂಬಿಯಲ್ಲಿ ಚೆಂಡುಹೂವಿನ ಮೂಟೆಯೊಂದಿಗೆ ಹತ್ತಿದ ರೈತರೊಬ್ಬರು ಪಕ್ಕದಲ್ಲಿ ಕುಳಿತರು.

‘ಯಾರ್ ಮನ್ಗೆ, ಯಜಮಾನ್ರೆ?’

‘ಮಾದಪ್ಪನವರ ಮನೆಗೆ. ಹಿಂದೆ ವಿಮಾನದ ಕೆಲಸದಲ್ಲಿದ್ದರಲ್ಲ.’

‘ಓ, ನಿದ್ದೆ ಮಾದಪ್ಪ್ನೋರಾ! ಅವ್ರು ಮನೀಕಂಡಿದ್ರೆ ಏರೋಪ್ಲೇನು ದಾರಿ ತಪ್ತಂತೆ ಕಣಿ. ಈಗ ತರಕಾರಿ ಮಂಡೀಲಿ ತೂಕ ಬರೀತರೆ. ಕೇರಳದ ಲಾರಿಯವ್ರೂ ಕಲ್ತ್ಕಬುಟ್ಟವ್ರೆ, ಎಚ್ರಾಗಿದೀರಾ ಸ್ವಾಮಿ ಅಂತ ಕೇಳೇ ಮೂಟೆ ಇಳ್ಸದು.’

ರೈತರು ನಕ್ಕರು. ನಾನು ಕಿಟಕಿಯಾಚೆ ನೋಡಿದೆ. ಗೋಪಾಲಸ್ವಾಮಿ ಬೆಟ್ಟವಿರಬೇಕಾದ ಕಡೆ ಬರೀ ಬಿಳುಪು.

ಬಸ್ ನಿಲ್ದಾಣದ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ದಾರಿ ಕೇಳಿಕೊಂಡು ಮಂಡಿಯ ಹಿಂದಿನ ಬೀದಿಗೆ ಹೋದೆ. ಜಗಲಿಯ ಮೇಲೆ ಹೆಂಗಸೊಬ್ಬರು ಅವರೆಕಾಯಿ ಬಿಡಿಸುತ್ತಿದ್ದರು. ಮಾದಪ್ಪನವರ ಹೆಂಡತಿ ಪುಟ್ಟತಾಯಮ್ಮ ಎಂದು ಆಮೇಲೆ ತಿಳಿಯಿತು.

‘ಮಾದಪ್ಪನವರ ಮನೆ ಇದೇನಾ, ತಾಯಿ?’

‘ಎದ್ದಿದ್ದೀರಾ? ಯಾರೋ ಬಂದವ್ರೆ,’ ಎಂದು ಆಕೆ ಒಳಕ್ಕೆ ಕೂಗಿ ಮುಗಿಸುವ ಮುಂಚೆಯೇ ಒಳಗಿನಿಂದ ದನಿ ಬಂತು:

‘ಮದ್ರಾಸು!’

ಆ ದಪ್ಪ ದನಿಗೆ ಗುಂಡಗಿನ ದೊಡ್ಡ ಆಳನ್ನು ಕಲ್ಪಿಸಿಕೊಂಡಿದ್ದೆ. ಬಾಗಿಲಿಗೆ ಬಂದವರು ಕಡ್ಡಿಯಂಥ ಮನುಷ್ಯ.

‘ಬಾ ಕಣಯ್ಯಾ. ಚಾಮ್ರಾಜ್ನಗರ್ದಿಂದ ಬರಕ್ಕೆ ಇಷ್ಟ್ ವರ್ಸ ಬೇಕಾಯ್ತಾ? ಎಮ್ಮೆ ಒಡ್ಕಂಡ್ ಬಂದಿದ್ರೂ ಒಂದಿನ ಸಾಕಿತ್ತು.’

ಕೂರದೆಯೇ ಹೇಳಿದೆ. ಆ ದಿನ ನೀವು ಏನೂ ಹೇಳಿರಲಿಲ್ಲ, ನಾನು ಸುಳ್ಳು ಹೇಳಿದೆ, ಕ್ಷಮಿಸಿ ಎಂದೆ.

‘ಗೊತ್ತು,’ ಎಂದರು. ‘ನನ್ ಸೆಟ್ಟು ಕಳುಸ್ತಿರ್ಲಿಲ್ಲ, ಕೇಳುಸ್ತಿತ್ತು. ನೀನು ಕೂಗಿದ್ದೆಲ್ಲಾ ಕೇಳ್ತು. ಮಂಜು ಮಂಜು ಅಂತ ನಾನು ಮೈಕ್ ಇಡ್ಕಂಡ್ ಅರಚ್ಕತಿದ್ರೆ, ನೀನು ಅಲ್ಲಿಂದ ಆಯ್ತು, ಥ್ಯಾಂಕ್ಸ್ ಅಂದೆ.’

ವಿಚಾರಣೆಯಲ್ಲಿ ಟಿಕ್ ಟಿಕ್ ವಿಷಯ ಯಾಕೆ ಬಾಯಿಬಿಡಲಿಲ್ಲ ಎಂದು ಕೇಳಿದೆ.

‘ಬಾಯ್ಬುಟ್ಟಿದ್ರೆ ನಂದೂ ಓಗ್ತಿತ್ತು, ನಿಂದೂ ಓಗ್ತಿತ್ತು. ನೀನೂ ಬಾಯಿ ಮುಚ್ಕಂಡಿರ್ತೀಯ ಅನ್ಕಂಡಿದ್ದೆ. ನೀನು ಕತೆನೇ ಕಟ್ಬುಟ್ಟೆ. ಆಮೇಲೆ ನಾನು ಏನಂದ್ರೂ ಯಾರ್ ಕೇಳರು?’

ಅವರ ದನಿ ಏರಿತ್ತು. ಪುಟ್ಟತಾಯಮ್ಮ ಮೊರ ಹಿಡಿದುಕೊಂಡು ಬಾಗಿಲಿಗೆ ಬಂದರು.

‘ನಂಗೆ ಗೊತ್ತಿರೋದ್ನ ನಂಗೇ ಹೇಳಿ ಏನ್ ಬಂತು? ಇವ್ಳಿಗೆ ಹೇಳು,’ ಎಂದರು ಮಾದಪ್ಪ. ‘ನಾನ್ ಎಷ್ಟ್ ಹೇಳಿದ್ರೂ ಇವ್ಳೂ ಊರವ್ರಂಗೆ, ಮನಗಿದ್ದೆ ಅಂತ್ಲೇ ನಂಬ್ಕಂಡವ್ಳೆ.’

ಆಕೆಗೆ ಮೊದಲಿನಿಂದ ಹೇಳಿದೆ. ರೇಡಿಯೋ ಎಂದರೇನು, ಟಿಕ್ ಟಿಕ್ ಎಂದರೇನು ಎಲ್ಲವನ್ನೂ. ಮುಗಿದ ಮೇಲೆ ಮಾದಪ್ಪ ಹೆಂಡತಿಯ ಕಡೆ ತಿರುಗಿದರು.

‘ಈಗ ನೀನು ತಿರ್ಗ ಹೇಳಮ್ಮಿ. ಮುಟ್ತೋ ಇಲ್ವೋ ಗೊತ್ತಾಗ್ಲಿ.’

ಪುಟ್ಟತಾಯಮ್ಮ ನನ್ನನ್ನೇ ನೋಡುತ್ತಾ ಹೇಳಿದರು: ‘ಅವತ್ತು ಇವ್ರು ಮನಗಿರ್ಲಿಲ್ಲ. ಮಂಜು ಅದೆ ಅಂತ ಕೂಕ್ಕತಿದ್ರು. ನಿಮ್ಗೆ ಏನೂ ಕೇಳ್ನಿಲ್ಲ. ಕೇಳ್ತು ಅಂತ ಸುಳ್ಳೇಳಿ ಇವ್ರ ಅನ್ನ ಕಿತ್ಕಂಡ್ರಿ.’ ಮೊರ ಕೆಳಗಿಟ್ಟು, ‘ನಾನೂ ಇವ್ರನ್ನ ದಿನಾ ಆಡ್ಕಂಡೆ,’ ಎಂದರು.

ಈಗ ‘ಸರಿ’ ಎನ್ನಬೇಕಾದವನು ನಾನು. ಎಂದೆ.

ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಕ್ಷಮಿಸಿದೆ ಎಂದು ಮಾದಪ್ಪ ಅನ್ನಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುವಾಗ ಪುಟ್ಟತಾಯಮ್ಮ ಆಗಲೇ ಪಕ್ಕದ ಮನೆಯ ಗೋಡೆಯ ಬಳಿ ನಿಂತು, ‘ಅವ್ರು ಮನಗೇ ಇರ್ಲಿಲ್ವಂತೆ ಕಣಮ್ಮಿ!’ ಎನ್ನುತ್ತಿದ್ದರು.

ಗೋಡೆಯಾಚೆಯ ಹುಡುಗಿ ನನ್ನತ್ತ ಕತ್ತು ಚಾಚಿದಳು. ‘ಸುಳ್ಳೇಳಿದ್ದು ಇವ್ರೇಯಾ?’

ಹಾಗೇ ಹೋಗಿಬಿಡಬಹುದಿತ್ತು. ನಿಂತು ಅವಳ ಕಡೆ ತಿರುಗಿದೆ. ‘ನಾನೇ ಕಣಮ್ಮ,’ ಎಂದೆ.

ಬೀದಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಮಾದಪ್ಪ ಜಗಲಿಯ ಮೇಲೆ ಕುಳಿತು ಉಳಿದ ಅವರೆಕಾಯಿ ಬಿಡಿಸುತ್ತಿದ್ದರು. ಪುಟ್ಟತಾಯಮ್ಮ ಮೂರನೆಯ ಮನೆಯ ಬಾಗಿಲು ತಟ್ಟುತ್ತಿದ್ದರು.