ಒಂದೇ ಕೈಯ ಮುಂಡು

ನಾನು ಆಕ್ಯುಪೇಶನಲ್ ಥೆರಪಿಸ್ಟ್. ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಎಲ್ಲಿ ಹೀಗೆಂದರೂ ಮುಂದಿನ ಪ್ರಶ್ನೆ ಒಂದೇ: "ಅಂದ್ರೆ ಎಂತ?" ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಕೈಕಾಲು ಸೋತವರಿಗೆ ಉಣ್ಣುವುದು, ಸ್ನಾನ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು ಇಂಥ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವವನು ಎಂದು ವಿವರಿಸುತ್ತೇನೆ. ರಾಮಕುಂಜದ ಹಿರಿಯರೊಬ್ಬರು ಎಲ್ಲ ಕೇಳಿ, "ಹಾಗಾದ್ರೆ ನನ್ನ ಅಳಿಯನನ್ನು ಕಳಿಸ್ತೇನೆ. ಅವನಿಗೆ ಪೆಟ್ಟು ಬಿದ್ದದ್ದಲ್ಲ, ಆದ್ರೂ ಒಂದು ಕೆಲಸ ಬರುದಿಲ್ಲ" ಎಂದಿದ್ದರು.

ಕಲ್ಲುಗುಂಡಿಯ ಕಾಕ ನನಗೆ ಪರಿಚಯವಾದದ್ದು ಅವರಿಗೆ ಸ್ಟ್ರೋಕ್ ಆಗಿ ಮೂರು ತಿಂಗಳಾದ ಮೇಲೆ. ರಸ್ತೆ ಬದಿಯಲ್ಲಿ ಟಯರ್ ಅಂಗಡಿ ಇಟ್ಟಿದ್ದ ಬ್ಯಾರಿ ಮುಸ್ಲಿಂ ಹಿರಿಯರು; ಊರಿಗೆಲ್ಲ ಕಾಕ, ಅಂದರೆ ಚಿಕ್ಕಪ್ಪ, ಹಾಗಾಗಿ ನನಗೂ ಕಾಕ. ಕೋಲು ಹಿಡಿದು ನಡೆಯುತ್ತಿದ್ದರು, ಮಾತು ಸರಿಯಿತ್ತು. ಎಡಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

ಮೊದಲ ದಿನ ನಾನು ಚೀಲದಿಂದ ಬಣ್ಣದ ಕಪ್ಪುಗಳನ್ನೂ ರಬ್ಬರ್ ಚೆಂಡನ್ನೂ ತೆಗೆದಿಟ್ಟು, "ಕಾಕ, ನಿಮಗೆ ಯಾವ ಕೆಲಸ ಮೊದಲು ಕಲೀಬೇಕು?" ಎಂದು ಕೇಳಿದೆ.

"ನನ್ನ ಮುಂಡು ನಾನೇ ಕಟ್ಬೇಕು ಮಾರಾಯ್ರೆ" ಎಂದು ಸೊಂಟದ ಪಂಚೆಯನ್ನು ತೋರಿಸಿದರು.

"ಈಗ ಯಾರು ಕಟ್ಟುದು?"

ಕಾಕ ಹೆಂಡತಿಯಿದ್ದ ಅಡುಗೆಮನೆಯ ಕಡೆ ನೋಡಿ ಸ್ವರ ತಗ್ಗಿಸಿದರು. "ಅವಳು. ಮೊನ್ನೆ ಮೀನುಸಾರಿಗೆ ಉಪ್ಪು ಕಮ್ಮಿ ಅಂತ ಹೇಳಿದೆ. ಆವತ್ತು ಗೇಟಿನ ಹತ್ರ ಹೋಗುವಾಗ ಮುಂಡು ಜಾರಿತು. ಮರುದಿನ ಸಾರು ಒಳ್ಳೆದುಂಟು ಅಂದೆ. ಸಂಜೆಯವರೆಗೂ ಅಲ್ಲಾಡ್ಲಿಲ್ಲ."

ಎಲಾಸ್ಟಿಕ್ ಪ್ಯಾಂಟ್ ಆಗಬಹುದೇ ಎಂದೆ. "ನಾನೆಂತ ಬೆಳಿಗ್ಗೆ ಓಡ್ಲಿಕ್ಕೆ ಹೋಗುದಾ?" ಎಂದರು. ಸರಿ, ಮುಂಡಿಗೇ ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ ಹೊಲಿಸಿದೆ. ಎರಡು ದಿನ ನಡೆಯಿತು. ಮೂರನೆಯ ದಿನ ಪಟ್ಟಿ ಹೆಂಡತಿಯ ಶಾಲಿಗೆ ಅಂಟಿಕೊಂಡಿತು. ಕಾಕ ಜಗಲಿಗೆ ಹೊರಟರೆ ಶಾಲೂ ಹೊರಟಿತು, ಶಾಲಿನ ಹಿಂದೆ ಬೈಯುತ್ತ ಹೆಂಡತಿಯೂ ಹೊರಟರು.

ನಾನು ಕಲಿತ ಪುಸ್ತಕಗಳಲ್ಲಿ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕುವ, ಪ್ಯಾಂಟಿನ ಜಿಪ್ ಎಳೆಯುವ ಚಿತ್ರಗಳಿದ್ದವು. ಮುಂಡು ಯಾವ ಪುಟದಲ್ಲೂ ಇರಲಿಲ್ಲ. ಹಾಗಾಗಿ ಸುಳ್ಯದ ನಮ್ಮ ಮನೆಯಲ್ಲಿ ಎಡಗೈಯನ್ನು ಎದೆಗೆ ಕಟ್ಟಿಸಿಕೊಂಡು ನಾನೇ ಅಭ್ಯಾಸಕ್ಕೆ ನಿಂತೆ. ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದು ಸುತ್ತು ತಿರುಗಿದೆ. ಮುಂಡು ಗೋಡೆಯ ಬಳಿಯೇ ಉಳಿಯಿತು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾಗ ಕೊರಿಯರ್‌ನವನು ಬಾಗಿಲಿಗೆ ಬಂದು ಹೆಸರು ಕೇಳಿದ. ಹೆಸರು ಹೇಳಲು ಬಾಯಿ ತೆರೆದೆ. ಅವನು ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಸಹಿಯನ್ನೂ ಕೇಳದೆ ಹೋದ. "ನಿಮ್ಮ ಪೇಶಂಟಿಗೆ ಇಷ್ಟು ಕಷ್ಟ ಇರ್ಲಿಕ್ಕಿಲ್ಲ" ಎಂದು ನನ್ನ ಹೆಂಡತಿ ನಕ್ಕಳು.

ಕೊನೆಗೆ ದಾರಿ ಸಿಕ್ಕಿದ್ದು ಮಂಚದ ಮೇಲೆ. ಮುಂಡನ್ನು ಹಾಸಿ, ನಡುವೆ ಮಲಗಿ, ಒಂದು ಬದಿಯನ್ನು ಹೊಟ್ಟೆಯ ಮೇಲಿಂದ ಎಳೆದು ಸೊಂಟದ ಅಡಿಗೆ ತುರುಕುವುದು, ಮೈಯ ಭಾರವೇ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಇನ್ನೊಂದು ಬದಿಯನ್ನು ತಂದು ಸಿಕ್ಕಿಸುವುದು. ಮರುದಿನ ಕಲ್ಲುಗುಂಡಿಗೆ ಓಡಿ ಕಾಕನಿಗೆ ಅದನ್ನೇ ತೋರಿಸಿದೆ.

"ಇದು ಬಲಕ್ಕೆ ಆಯ್ತು," ಎಂದರು ಕಾಕ. "ನಾವು ಬ್ಯಾರಿಗಳು ಎಡಕ್ಕೆ ಸಿಕ್ಕಿಸುದು."

ಎಡಕ್ಕೆ ಮಾಡಿ ನೋಡಿದರೆ, ಬಲಗೈ ಹೊಟ್ಟೆಯ ಮೇಲಿಂದ ಸಲೀಸಾಗಿ ದಾಟುತ್ತಿತ್ತು. ನಾನು ತೋರಿಸಿದ್ದಕ್ಕಿಂತ ಅದೇ ಸುಲಭ. ಕಾಕ ಮಲಗಿದರು, ಎಳೆದರು, ತುರುಕಿದರು, ಗೆದ್ದವರ ಹಾಗೆ ಎದ್ದು ನಿಂತರು. ಎರಡು ಹೆಜ್ಜೆ ಇಟ್ಟಾಗ ಹಿಂದಿನಿಂದ ಹಾಸಿಗೆಯ ಹೊದಿಕೆಯೂ ಬಂತು. ಅದನ್ನೂ ಸೇರಿಸಿ ಕಟ್ಟಿದ್ದರು. ಹೊದಿಕೆಯ ಜೊತೆ ತಲೆದಿಂಬೂ ಕೆಳಗೆ ಬಿತ್ತು. ಕಾಕ ಮಂಚದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸ್ಟ್ರೋಕ್ ಆದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು ಎಂದು ಅವರ ಹೆಂಡತಿ ನನಗೆ ಆಮೇಲೆ ಹೇಳಿದರು.

ಎರಡು ವಾರದಲ್ಲಿ ಮುಂಡು ಸೊಂಟದಲ್ಲಿ ನಿಂತಿತು. ಕಾಕ ಒಬ್ಬರೇ ಅಂಗಡಿಯವರೆಗೆ ಹೋಗಿ ಚಾ ಕುಡಿದು ಬಂದರು. ನನ್ನ ಕೆಲಸ ಮುಗಿಯಿತೆಂದು ಚೀಲ ಎತ್ತಿಕೊಂಡಾಗ ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು.

"'ನಿಮಗೆ ಎಂತ ಕಲೀಬೇಕು' ಅಂತ ನನ್ನತ್ರ ಕೇಳ್ಲೇ ಇಲ್ಲ ಅಲ್ವಾ? ಇವರು ಬಿದ್ದ ಮೇಲೆ ನಾನು ಗೇಟು ದಾಟ್ಲಿಲ್ಲ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಆರೈಕೆ ಮಾಡುವವರ ಬಗ್ಗೆ ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು. "ಹೇಳಿ, ಎಂತ ಕಲೀಬೇಕು?" ಎಂದೆ.

"ಸ್ಕೂಟರ್. ಮಗಳು ಬಿಟ್ಟು ಹೋದದ್ದು ಶೆಡ್ಡಿನಲ್ಲಿ ಉಂಟು. ಅದು ನಿಮ್ಮ ಲೆಕ್ಕದಲ್ಲಿ ಬರ್ತದಾ?"

ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮುಂದಿನ ನಾಲ್ಕು ಭಾನುವಾರ ಅವರ ಅಂಗಳದಲ್ಲಿ ಸ್ಕೂಟರಿನ ಹಿಂಬದಿ ಹಿಡಿದು ನಾನು ಓಡಿದೆ. ಕಾಕ ಜಗಲಿಯ ಕುರ್ಚಿಯಿಂದ "ಬ್ರೇಕ್! ಬ್ರೇಕ್!" ಎಂದು ಕೂಗುತ್ತಿದ್ದರು. "ನೀವು ಸುಮ್ಮನಿರಿ" ಎಂದು ಆಕೆ ತಿರುಗಿ ಹೇಳಿದಾಗಲೆಲ್ಲ ಸ್ಕೂಟರ್ ದಾಸವಾಳದ ಗಿಡದ ಕಡೆಗೆ ಹೋಗುತ್ತಿತ್ತು. ಭೇಟಿಯ ಪುಸ್ತಕದಲ್ಲಿ ಮುಂದಿನ ಗುರಿ ಎಂಬ ಜಾಗದಲ್ಲಿ ನಾನು ಬರೆದದ್ದು: ಗಿಡದ ಮೊದಲು ನಿಲ್ಲಿಸುವುದು.