ಸುಟ್ಟಬಯಲಿನ ಚಿತ್ರ

ಕನ್ನಡಕದ ಅಂಗಡಿಯವರಿಗೆ ಹಳೆಯ ಚಿತ್ರದ ಪೋಸ್ಟ್‌ಕಾರ್ಡುಗಳ ಹುಚ್ಚು ಯಾವಾಗ ಹತ್ತಿತು ಎಂದು ಯಾರಾದರೂ ಕೇಳಿದರೆ ಅವರ ಹೆಂಡತಿ, "ಮದುವೆ ಆದ್ಮೇಲೆ. ಮುಂಚೆನೇ ಹತ್ತಿದ್ರೆ ನಾನು ಒಪ್ತಾನೇ ಇರ್ಲಿಲ್ಲ" ಎನ್ನುತ್ತಿದ್ದಳು. ಸೇತುವೆ, ರೈಲು ನಿಲ್ದಾಣ, ಗಡಿಯಾರದ ಗೋಪುರ, ಏನೇ ಇರಲಿ, ಚಿತ್ರ ತಮ್ಮೂರಿನದೇ ಆಗಬೇಕು. ಬೇರೆ ಊರಿನದನ್ನು ಪುಕ್ಕಟೆ ಕೊಟ್ಟರೂ ಅವರು ಮುಟ್ಟುತ್ತಿರಲಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಭೂತಗನ್ನಡಿ ಹಿಡಿದು ಕೂತರೆ ಗೋಪುರದ ಕೆಳಗೆ ನಿಂತವನ ಹರಿದ ಚಪ್ಪಲಿಯನ್ನೂ ಬಿಡುತ್ತಿರಲಿಲ್ಲ. ಕಾರ್ಡುಗಳು ಟ್ರಂಕು ತುಂಬಿ, ಹೆಂಡತಿಯ ಸೀರೆಯ ಬೀರುವಿಗೂ ಕಾಲಿಟ್ಟಿದ್ದವು.

ಮನೆಯಲ್ಲಿ ಅತ್ತೆಯೂ ಇದ್ದರು, ಹೆಂಡತಿಯ ತಾಯಿ. ಎಂಬತ್ತು ದಾಟಿದ ಜೀವ. ಎಡಗೈಯ ಚರ್ಮ ಮೊಣಕೈವರೆಗೆ ಮುದುರಿಕೊಂಡಿತ್ತು. ಎರಡು ಬೆರಳುಗಳು ಒಂದಕ್ಕೊಂದು ಅಂಟಿಹೋಗಿದ್ದವು. ಕೇಳಿದವರಿಗೆಲ್ಲ ಒಂದೇ ಉತ್ತರ: "ಚಿಕ್ಕೋಳಿದ್ದಾಗ ಬಿಸಿಹಾಲು ಚೆಲ್ಕೊಂಡೆ."

ಆ ಕಾರ್ಡು ಸಿಕ್ಕಿದ್ದು ರದ್ದಿ ಅಂಗಡಿಯ ಮೂಟೆಯೊಂದರಲ್ಲಿ. ಯಾರೂ ಬಳಸದ ಕಾರ್ಡು, ಹಿಂಬದಿ ಖಾಲಿ. ಮುಂದೆ ಬೆಂಕಿಪೊಟ್ಟಣದ ಕಾರ್ಖಾನೆಯೊಂದರ ಒಳಗಿನ ಚಿತ್ರ. ಉದ್ದನೆಯ ಬೆಂಚುಗಳ ಮೇಲೆ ಸಾಲಾಗಿ ಕೂತ ಹುಡುಗಿಯರು. ಕೆಲವರಿಗಂತೂ ಹಾಲುಹಲ್ಲು ಬಿದ್ದಿತ್ತೋ ಇಲ್ಲವೋ. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದರು. ಕಿಟಕಿಯಾಚೆ ಗಡಿಯಾರದ ಗೋಪುರ ಕಂಡಿತು. ಗೋಪುರ ಕಾಣುವ ದಿಕ್ಕನ್ನು ಲೆಕ್ಕ ಹಾಕಿದಾಗ ಅವರಿಗೆ ಹೊಳೆಯಿತು: ಇದು ಸುಟ್ಟಬಯಲು. ಈಗ ಲಾರಿಗಳು ನಿಲ್ಲುವ ಆ ಖಾಲಿ ಜಾಗಕ್ಕೆ ಊರೆಲ್ಲ ಆ ಹೆಸರೇ ಹೇಳುತ್ತದೆ. ಯಾಕೆಂದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಕಸ ಸುಡುತ್ತಿದ್ದ ಜಾಗವಿರಬೇಕು ಎಂದೇ ಅವರೂ ತಿಳಿದಿದ್ದರು.

ಮುಂದಿನ ವಾರ ಅಗ್ನಿಶಾಮಕ ದಳದಿಂದ ನಿವೃತ್ತನಾದ ಗಿರಾಕಿಯೊಬ್ಬ ಕನ್ನಡಕ ಬದಲಾಯಿಸಲು ಬಂದಾಗ ವಿಷಯ ತೆಗೆದರು. ಆತ ದನಿ ತಗ್ಗಿಸಿದ.

"ನಮ್ಮ ಹಳೇ ಸ್ಟೇಷನ್ ಆಫೀಸರು ಹೇಳ್ತಿದ್ರು ಸಾರ್. ಅಲ್ಲಿ ಕಾರ್ಖಾನೆ ಹತ್ಕೊಂಡು ಉರೀತಂತೆ. ಒಳಗೆ ಬರೀ ಹುಡುಗೀರು. ಹೊರಗಿಂದ ಬೀಗ."

ಅವರು ಮತ್ತೆ ಕಾರ್ಡಿನ ಮೇಲೆ ಭೂತಗನ್ನಡಿ ಇಟ್ಟರು. ಕಿಟಕಿಗಳಿಗೆಲ್ಲ ಕಂಬಿ. ಬಾಗಿಲು ಒಂದೇ. ಅದರ ಪಕ್ಕದಲ್ಲಿ ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡ ಕಾವಲುಗಾರ, ಎದೆ ಸೆಟೆಸಿ ನಿಂತಿದ್ದ.

ಹೊಸ ಕಾರ್ಡು ಬಂದರೆ ಅತ್ತೆಗೆ ತೋರಿಸುವುದು ರೂಢಿ. ಯಾವ ಅಂಗಡಿ ಎಲ್ಲಿತ್ತು ಎಂದು ಅವರು ಥಟ್ಟನೆ ಹೇಳುತ್ತಿದ್ದರು. ಭಾನುವಾರ ಮಧ್ಯಾಹ್ನ ಇದನ್ನೂ ತೋರಿಸಿದರು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಭೂತಗನ್ನಡಿ ಕೇಳಿ ತೆಗೆದುಕೊಂಡರು.

"ಇವಳು ನಮ್ಮಕ್ಕ. ಪಕ್ಕದಲ್ಲಿ ನಾನು. ಚೀಟಿ ಅಂಟಿಸೋ ಕೆಲಸ ನಂದು."

ಅಳಿಯ ಕಾರ್ಡಿನ ಮೇಲೆ ಬಗ್ಗಿದರು. "ಅತ್ತೆ, ನೀವು ಅಲ್ಲಿದ್ರಾ?"

"ಹೊಗೆ ತುಂಬ್ಕೊಂಡಾಗ ಅಕ್ಕ ನನ್ನ ಎತ್ತಿ ಗವಾಕ್ಷಿಯಿಂದ ಆಚೆ ತಳ್ಳಿದ್ಲು. ನಾನೊಬ್ಳೇ ಹಿಡಿಸೋವಷ್ಟು ಜಾಗ ಅದು. ಕಬ್ಬಿಣದ ಚೌಕಟ್ಟು ಕಾದು ಕೆಂಪಗಾಗಿತ್ತು. ಕೈ ಅಲ್ಲೇ ಅಂಟ್ಕೊಂಡಿತ್ತು."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. "ಅಮ್ಮಾ, ಹಾಲು ಚೆಲ್ಕೊಂಡೆ ಅಂತಿದ್ಯಲ್ಲ?"

"ಹಾಲು ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ ಕಣೇ."

ಅತ್ತೆಯ ಹೆಬ್ಬೆರಳು ಚಿತ್ರದ ಅಂಚಿಗೆ ಸರಿದು ಕಾವಲುಗಾರನ ಮೇಲೆ ನಿಂತಿತು. "ಇವರು ನಮ್ಮಪ್ಪ."

ಅತ್ತೆ ಹೇಳಿದ್ದು ಇಷ್ಟು: ಹುಡುಗಿಯರು ಕಡ್ಡಿ ಕದ್ದುಕೊಂಡು ಹೋಗುತ್ತಾರೆಂದು ಹೊರಗಿನಿಂದ ಬೀಗ ಹಾಕಲು ಯಜಮಾನನ ಅಪ್ಪಣೆಯಾಗಿತ್ತು. ಬೆಂಕಿ ಬಿದ್ದ ದಿನ ಯಜಮಾನ ಗಾಡಿಯಿಂದ ಮರ ಇಳಿಸಲು ಅಪ್ಪನಿಗೆ ಹೇಳಿಕಳಿಸಿದ. ಅಪ್ಪ ಬೀಗದ ಕೈ ಸಮೇತ ಹೋದ. ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಬೀಗ ಕಾದು ಕೆಂಡವಾಗಿತ್ತು. ಎರಡೂ ಅಂಗೈ ಸುಟ್ಟುಕೊಂಡ, ಬೀಗ ತಿರುಗಲಿಲ್ಲ. ಒಳಗಿನ ಕೂಗು ನಿಲ್ಲುವವರೆಗೂ ತಿರುಗಿಸುತ್ತಲೇ ಇದ್ದ.

"ಅಮ್ಮ ಆಮೇಲೆ ಅಪ್ಪನ ಜೊತೆ ಮಾತಾಡ್ಲೇ ಇಲ್ಲ. ಜಗಲಿ ಮೇಲೆ ತಟ್ಟೆ ಇಟ್ಟು ಬರ್ತಿದ್ದೋಳು ನಾನು. ನಾನೂ ಮಾತಾಡ್ಲಿಲ್ಲ. ಸಾಯೋವರೆಗೂ."

ಊರಿನ ಗ್ರಂಥಾಲಯದವರು ಆ ತಿಂಗಳು ಅಳಿಯನ ಕಾರ್ಡುಗಳ ಪ್ರದರ್ಶನ ಇಟ್ಟುಕೊಂಡಿದ್ದರು. ಈ ಕಾರ್ಡು ಮಾತ್ರ ಬೇಡ ಎಂದು ಹೆಂಡತಿ ಹಟ ಹಿಡಿದಳು. "ರೀ, ಮನೆಯ ಸಂಕಟಾನ ಸಂತೆಗೆ ಇಡ್ತೀರಾ?" ಅವರಿಗೂ ಹೌದೆನಿಸಿ ಕಾರ್ಡನ್ನು ತೆಗೆದಿಟ್ಟರು. ಒಪ್ಪದವರು ಅತ್ತೆ. "ಹಾಕಿ ಅಳಿಯಂದಿರೇ. ಸೇತುವೆ ಗೋಪುರ ಎಲ್ಲಾ ತೋರಿಸ್ತೀರಂತೆ, ಈ ಹುಡುಗೀರೇನು ಪಾಪ ಮಾಡಿದ್ರು? ನನ್ನೂ ಕರ್ಕೊಂಡು ಹೋಗಿ."

ಹಾಗೆ ಅತ್ತೆ ಕಾರ್ಡಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಬಂದವರಿಗೆಲ್ಲ ಹೇಳಿದರು, ಬೀಗ ಹಾಕಿದವನು ಯಾರ ಅಪ್ಪ ಎಂಬುದನ್ನೂ ಮುಚ್ಚಿಡಲಿಲ್ಲ. ಹಲವರು ಲೊಚಗುಟ್ಟಿ ಮುಂದಿನ ಚಿತ್ರಕ್ಕೆ ಹೋದರು. ಸಂಜೆ ಹೊತ್ತಿಗೆ ತಲೆ ನರೆತ ಬಡಗಿಯೊಬ್ಬ ಬಂದ. ಅಂಗಿಯ ಮೇಲಿನ್ನೂ ಮರದ ಹೊಟ್ಟಿತ್ತು. ಪೂರ್ತಿ ಕೇಳಿದ ಮೇಲೆ ಅವನ ಮುಖ ಕಪ್ಪಿಟ್ಟಿತು.

"ನಮ್ಮ ಸೋದರತ್ತೆ ಅದರಲ್ಲೇ ಹೋಗಿದ್ದು. ನಮ್ಮಜ್ಜಿ ಸಾಯೋವರೆಗೂ ನಿಮ್ಮಪ್ಪನಿಗೆ ಹಿಡಿಶಾಪ ಹಾಕ್ತಿದ್ರು."

ಅಳಿಯ ನಡುವೆ ಬರಲು ಎದ್ದರು. ಅತ್ತೆ ಕೈಯೆತ್ತಿ ತಡೆದರು.

"ನಮ್ಮಮ್ಮನೂ ಅಷ್ಟೇ ಕಣಪ್ಪ," ಎಂದರು.

ಬಡಗಿ ಮುಂದಿನ ಚಿತ್ರಕ್ಕೆ ಸರಿಯಲಿಲ್ಲ. ಹೋಗಲೂ ಇಲ್ಲ. ಅತ್ತೆ ಅವನ ಸೋದರತ್ತೆಯ ಹೆಸರು ಕೇಳಿದರು. ಹೇಳಿದ ಕೂಡಲೇ ಸುಟ್ಟ ಕೈಯಿಂದ ತೋರಿಸಿದರು: ಎರಡನೇ ಸಾಲು, ಜಡೆ ಮುಂದಕ್ಕೆ ಹಾಕಿಕೊಂಡವಳು. ಅವನ ಮನೆಯಲ್ಲಿ ಅವಳದೊಂದು ಚಿತ್ರವೂ ಇರಲಿಲ್ಲ. ಭೂತಗನ್ನಡಿ ಹಿಡಿದು ಬಾಗಿದವನು ತಲೆ ಎತ್ತಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು.

ಮಾರನೆಯ ದಿನ ಅತ್ತೆ ಬರಲಿಲ್ಲ. ಆಮೇಲೆ ಹಾಸಿಗೆ ಬಿಟ್ಟು ಎದ್ದಿದ್ದೂ ಕಡಿಮೆ. ಕೊನೆಕೊನೆಗೆ ಮಗಳನ್ನೇ ಅಕ್ಕ ಎಂದು ಕರೆಯುತ್ತ, "ನೀನೂ ಬಾ, ಜಾಗ ಇದೆ" ಎನ್ನುತ್ತಿದ್ದರು. ಮಗಳು ಪ್ರತಿ ಸಲವೂ "ಬಂದೆ ಇರು" ಎನ್ನುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಜೀವ ಹೋಯಿತು.

ಅಳಿಯ ಆ ಕಾರ್ಡನ್ನು ದೊಡ್ಡದಾಗಿ ಪಡಿಯಚ್ಚು ಮಾಡಿಸಿ ಬಡಗಿಯ ಮನೆಗೆ ಕೊಟ್ಟುಬಂದರು. ಅವನು ಅದಕ್ಕೆ ತಾನೇ ಚೌಕಟ್ಟು ಮಾಡಿ ಗೋಡೆಗೆ ಹಾಕಿದ. ಕಾವಲುಗಾರ ನಿಂತಿದ್ದ ಅಂಚನ್ನು ಮಾತ್ರ ಕತ್ತರಿಸಿ ತೆಗೆದಿದ್ದ. ಕನ್ನಡಕದವರು ಅದನ್ನು ನೋಡಿದರು, ಕೊಟ್ಟ ಚಹಾ ಕುಡಿದರು, ಎದ್ದು ಬಂದರು.